ಮಧ್ಯರಾತ್ರಿಯವರೆಗೆ ಯುವಕ

ಕಾಗದ ಬಂದು ಹತ್ತು ದಿನವಾಯಿತು.
ಬರ್ಗರ್ ಗಾಡಿಯ ಗಲ್ಲಾಪೆಟ್ಟಿಗೆಯಡಿ ಇಟ್ಟಿದ್ದೆ;
ಈಗ ಅದರ ಮೂಲೆಯಲ್ಲೊಂದು ಎಣ್ಣೆಕಲೆ,
ಸರಕಾರದ ಮೊಹರಿನಷ್ಟೇ ಗುಂಡಗೆ.

ವಿಷಯ ಇಷ್ಟೆ:
ಇಲ್ಲಿಯವರೆಗೆ ನಮ್ಮ ದೇಶದಲ್ಲಿ
ಹದಿನೈದರಿಂದ ನಲವತ್ತರವರೆಗೆ ಯುವಜನ.
ಜನವರಿ ಒಂದರಿಂದ ಮೂವತ್ತಕ್ಕೇ ಮುಕ್ತಾಯ.
ನನಗೆ ಮೂವತ್ತೆಂಟು.
ಇನ್ನೂ ಎರಡು ವರ್ಷ ಬಾಕಿ ಎಂದುಕೊಂಡಿದ್ದವನು
ಎಂಟು ವರ್ಷದ ಹಿಂದೆಯೇ ಮುಗಿದುಹೋಗಿದ್ದೆ.

ಮೀಸೆ ಬಂದವನಿಗೆ ದೇಶ ಕಾಣದು ಅಂತಾರೆ.
ಮೀಸೆಯಲ್ಲಿ ಬೆಳ್ಳಿಯೆಳೆ ಕಂಡ ವರ್ಷ
ದೇಶವೇ ಹುಡುಕಿಕೊಂಡು ಬಂತು,
ಲಕೋಟೆಯಲ್ಲಿ.

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗಳು ಸುಹೈದಾ,
ನಾಳೆ ಸಂಘದಲ್ಲಿ ನಡೆಯುವ ರಸಪ್ರಶ್ನೆಗೆ
ಗಟ್ಟಿಯಾಗಿ ಓದುತ್ತಿದ್ದಾಳೆ:
“ಮಲೇಷ್ಯಾ. ಹದಿಮೂರು ರಾಜ್ಯ, ಮೂರು ಕೇಂದ್ರಾಡಳಿತ ಪ್ರದೇಶ.
ನಡುವೆ ಸಮುದ್ರ. ಈಚೆಗೆ ಪರ್ಯಾಯದ್ವೀಪ,
ಆಚೆಗೆ ಬೋರ್ನಿಯೋದಲ್ಲಿ ಸಬಾ, ಸರವಾಕ್.
ಬಾವುಟಕ್ಕೆ ಹದಿನಾಲ್ಕು ಪಟ್ಟಿ,
ನಕ್ಷತ್ರಕ್ಕೆ ಹದಿನಾಲ್ಕು ಮೊನೆ.”
ಕಾವಲಿಯ ಮೇಲೆ ಮೊಟ್ಟೆ ಒಡೆಯುತ್ತಾ ಕೇಳುತ್ತೇನೆ.
“ಒಂಬತ್ತು ಮನೆತನದ ಅರಸರು;
ಸರದಿಯ ಮೇಲೆ ಒಬ್ಬೊಬ್ಬರು
ಐದು ವರ್ಷ ಇಡೀ ದೇಶಕ್ಕೆ ರಾಜ.”

ಐದೇ ವರ್ಷ!
ನಾನು ಹನ್ನೊಂದು ವರ್ಷದಿಂದ
ಪಾರಿಟ್ ಎಂಟರ ಯುವಕ ಸಂಘಕ್ಕೆ ಅಧ್ಯಕ್ಷ.
ಯಾರೂ ಸರದಿ ಕೇಳಲಿಲ್ಲ.
ಕೇಳಲು ನೀನೆಲ್ಲಿ ಬಿಟ್ಟೆ ಅನ್ನುತ್ತಾಳೆ
ಖಜಾಂಚಿ ಆಂಗ್ ಸೀ ಲೆಂಗ್.
ಅವಳಿಗೆ ಮೂವತ್ತನಾಲ್ಕು, ಅವಳೂ ನಾಳೆ ಹೊರಗೆ.
ರಸೀದಿ ಪುಸ್ತಕ ತಂದುಕೊಟ್ಟು
ಒಂದು ಬರ್ಗರ್ ಹೇಳಿದಳು, ದುಡ್ಡು ಕೊಟ್ಟಳು,
ಮೊದಲ ಸಲ.

ಹೇಳಿಕೊಳ್ಳಬಾರದು, ಆದರೂ.
ಊರೆಲ್ಲ ಬಾಗಿಲು ಮುಚ್ಚಿ ಕೂತ ಆ ರೋಗದ ವರ್ಷ
ಹಸಿದ ಮನೆಗಳು ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದಾಗ
ಅಕ್ಕಿ, ಸಾರ್ಡೀನ್ ಡಬ್ಬಿ ಹೊತ್ತು ಕಾಲುವೆಯುದ್ದಕ್ಕೂ ನಡೆದವರು ನಾವು.
ನನಗೆ ಆಗಲೇ ಮೂವತ್ತು ದಾಟಿತ್ತು.
ಯಾರೂ ವಯಸ್ಸು ಕೇಳಲಿಲ್ಲ.

ನನ್ನ ಅಪ್ಪ ತುಕಿಮಾನ್‌ನನ್ನಂತೂ
ಯುವಕ ಅಂತ ಯಾರೂ ಕರೆದದ್ದೇ ಇಲ್ಲ.
ಹದಿಮೂರಕ್ಕೆ ಗದ್ದೆಗಿಳಿದ,
ಕೆಸರಿನಿಂದ ಮೇಲೆ ಬರುವಾಗ ಗಂಡಸಾಗಿದ್ದ.
ನಡುವಿನದನ್ನು ಯಾವ ಇಲಾಖೆಯೂ ಬರೆದುಕೊಂಡಿಲ್ಲ.

“ಓಟಿಗೆ ಹದಿನೆಂಟು, ಮೊದಲು ಇಪ್ಪತ್ತೊಂದಿತ್ತು.
ಯುವಜನ ಅಂದರೆ ಹದಿನೈದರಿಂದ...”
ಸುಹೈದಾ ನಿಲ್ಲಿಸಿದಳು.
“ಅಪ್ಪಾ, ಇವತ್ತಿನ ಉತ್ತರ ಹೇಳಲೋ, ನಾಳೆಯದೋ?”
ನಾಳೆಯದು ಅಂದೆ. ರಸಪ್ರಶ್ನೆ ನಾಳೆ ತಾನೆ.
“ಮತ್ತೆ ಮೂವತ್ತಾದ ಮೇಲೆ ಏನಂತಾರೆ?”
ಪುಸ್ತಕದಲ್ಲಿ ಇಲ್ಲ. ಕಾಗದದಲ್ಲೂ ಇಲ್ಲ.
ಯುವಜನದಲ್ಲಿ ಯುವ ಕಳೆದರೆ
ಜನ ಉಳಿಯುತ್ತದೆ ಮಗಳೇ,
ಬರೀ ಜನ.
ಅವಳು ನಗಲಿಲ್ಲ, ಬರೆದುಕೊಂಡಳು.
ಮಾರ್ಚಿಗೆ ಅವಳಿಗೆ ಹದಿನೈದು.

ಹತ್ತೂವರೆಗೆ ಐದೀಲ್ ಬಂದ,
ಬೈಕಿನ ಹಿಂದೆ ಊಟ ಹಂಚುವ ದೊಡ್ಡ ಚೌಕದ ಚೀಲ.
ಇಪ್ಪತ್ತೆರಡು ಅವನಿಗೆ.
ನಾಲ್ಕು ವರ್ಷದಿಂದ ಸಭೆಗೆ ಅವನು ಕುರ್ಚಿ ಹಾಕುತ್ತಾನೆ,
ನಾನು ಕೂರುತ್ತೇನೆ.
ಈ ಮಾತು ಇವತ್ತಿನವರೆಗೆ
ನನಗೆ ಹೊಳೆದೇ ಇರಲಿಲ್ಲ ಎಂದರೆ
ನಂಬುತ್ತೀರಾ?

ಏಪ್ರನ್ನಿಗೆ ಕೈಯೊರಸಿ ಬೀಗದಕೈ ಕೊಟ್ಟೆ.
ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಬರಲಿಲ್ಲ.
ಅವನೂ ಥ್ಯಾಂಕ್ಸ್ ಅನ್ನಲಿಲ್ಲ,
“ಇಷ್ಟು ಹಗುರವಾ?” ಅಂದ.

ಬೈಕು ತಿರುಗಿಸಿ ಹೋಗುವವನನ್ನು
ಗದ್ದೆ ಬದುವಿನವರೆಗೂ ಓಡಿ ಕೂಗಿ ನಿಲ್ಲಿಸಿದೆ.
ದೂರ, ಕಡಲ ಕಡೆಯಲ್ಲಿ
ತಾಳಲಾರದ ಯಾರೋ ಮೊದಲ ಪಟಾಕಿ ಹಚ್ಚಿಬಿಟ್ಟಿದ್ದರು.

ಐದೀಲ್, ಕೇಳು:
ಮಳೆಗೆ ಆ ಬಾಗಿಲು ಉಬ್ಬಿಕೊಳ್ಳುತ್ತೆ.
ಕೈ ತಿರುಗಿಸುವಾಗ ಮೊಣಕಾಲು ಕೊಟ್ಟು
ಬಾಗಿಲನ್ನು ಒಂಚೂರು ಮೇಲಕ್ಕೆತ್ತಬೇಕು.
ಕಾಯಿದೆಯಲ್ಲಿ ಇದು ಇಲ್ಲ.