ಏಳನೆಯ ಪ್ರಶ್ನೆ

ದಿನಾ. ವಾರಕ್ಕೆರಡು. ಅಪರೂಪ. ಎಂದೂ ಇಲ್ಲ.
ಮಾಂಸಕ್ಕೆ ಕಂಪನಿ ಕೊಟ್ಟಿರುವುದು ನಾಲ್ಕೇ ಚೌಕ.
ಮಾರಿಬೋರಿನ ಈ ಹಳೇ ಕಟ್ಟಡಕ್ಕೆ ಲಿಫ್ಟಿಲ್ಲ,
ಬ್ರೆಡಾ ಮೆಟ್ಟಿಲು ಹತ್ತುತ್ತಾಳೆ, ಹಲಗೆ ಎದೆಗೊತ್ತಿ;
ಬಾಗಿಲು ತಟ್ಟುವ ಮೊದಲೇ
ಮೂಗು ಅರ್ಧ ಫಾರಂ ತುಂಬಿರುತ್ತದೆ.

ತಿಂಕಾರಾ, ಕಾಲೇಜು ಹುಡುಗಿ.
ಒಲೆಯ ಮೇಲೆ ಚನ್ನಂಗಿ ಬೇಳೆ, ಗೋಡೆಯ ಮೇಲೆ ಕರು.
"ಎಂದೂ ಇಲ್ಲ" ಅಂದಳು, ಎರಡು ಸಲ.
ಆಮೇಲೆ ಹೊಸ್ತಿಲಲ್ಲಿ ದನಿ ತಗ್ಗಿಸಿ,
"ಅಜ್ಜಿ ಕೋಳಿಸಾರು ಬಡಿಸಿದರೆ ಮಾತ್ರ...
ಅಜ್ಜಿಗೆ ತೊಂಬತ್ತೊಂದು. ಅದನ್ನು ಬರೆಯಬೇಡಿ."

ಎದುರುಮನೆ ಹಾತಿಜಾ ಕಾಫಿ ಕುಡಿಸದೆ ಬಿಡಲಿಲ್ಲ.
ಅವಳು ನಂಬುವ ಕತ್ತಿ ಊರಾಚೆ ಒಂದೇ ಒಂದು,
ಎರಡು ಬಸ್ಸು ಬದಲಿಸಬೇಕು, ಚೀಲ ತಣ್ಣಗಿರಬೇಕು.
"ದಿನಾ ತಿನ್ನಲು ನಾವೇನು ಸಾಹುಕಾರರೆ?
ಬೈರಾಮ್ ಹಬ್ಬಕ್ಕೆ ಬನ್ನಿ, ಆಗ ಕೇಳಿ ಇದೇ ಪ್ರಶ್ನೆ."
ಸಕ್ಕರೆಯಿಲ್ಲದ ಕಾಫಿಯನ್ನು
ಬ್ರೆಡಾ ಸುಮ್ಮನೆ ಕಲಕುತ್ತಲೇ ಇದ್ದಳು.

ಮೂರನೇ ಮಹಡಿಯ ಜಿಮ್ಮಿನ ಹುಡುಗ, ಸಂದಿಯಿಂದಲೇ:
ಕೋಳಿಯ ಎದೆ, ನಾನೂರು ಗ್ರಾಂ, ತೂಗಿ.
ರುಚಿ? ಅದೇನು ಕೇಳುತ್ತೀರಿ.

ಮೇಲ್ಗಡೆ ಝೋಫ್ಕಾ ಗಂಡನ ಪರವಾಗಿ ತಾನೇ ಹೇಳಿದಳು:
"ವಿಂಕೊ? ಎಂದೂ ಇಲ್ಲ. ಎದೆಗೆ ಸ್ಪ್ರಿಂಗ್ ಹಾಕಿದ ಮೇಲೆ
ನಾಲ್ಕು ವರ್ಷ ಬರೀ ಸೊಪ್ಪು, ಬರೀ ಓಟ್ಸು."
ವಿಂಕೊ ತಲೆಯಾಡಿಸಿದ, ಪಾಪದ ಹಾಗೆ.
ಕಸದ ಬುಟ್ಟಿ ಹಿಡಿದು ಅವಳ ಹಿಂದೆಯೇ ಮೆಟ್ಟಿಲಿಳಿದು
ನೆಲಮಾಳಿಗೆಯ ಬೀಗ ತೆಗೆದು ತೋರಿಸಿದ:
ಗಾಳಿಯಿಲ್ಲದ ಸೈಕಲ್ಲಿನ ಹಿಂದೆ
ಹಗ್ಗಕ್ಕೆ ನೇತುಬಿದ್ದ ಹೊಗೆಹಿಡಿದ ಹಂದಿಯ ತೊಡೆ,
ಪಕ್ಕದಲ್ಲಿ ಮಡಚುವ ಚಾಕು.
"ಎರಡನೇ ಚೌಕ" ಪಿಸುಗುಟ್ಟಿದ,
ಒಂದು ತೆಳು ಹೋಳು ಕತ್ತರಿಸಿ ಅವಳಿಗೂ ಕೊಟ್ಟ,
ಲಂಚವೆಂದರೆ ಲಂಚ, ಪ್ರಸಾದವೆಂದರೆ ಪ್ರಸಾದ.

ದ್ರಾವಾ ನದಿ ದಾಟುವ ಬಸ್ಸಿನಲ್ಲಿ
ಉಪ್ಪು ಇನ್ನೂ ನಾಲಿಗೆಯಲ್ಲಿ.
ಪ್ರಶ್ನೆ ಕೇಳುವವರು ಉತ್ತರಿಸುವಂತಿಲ್ಲ, ನಿಯಮ ಹಾಗಿದೆ.
ಒಂಬತ್ತರ ಬ್ರೆಡಾ, ಡಿಸೆಂಬರಿನ ಅಂಗಳ,
ಹಂದಿಯ ಕೊರಳ ಕೆಳಗೆ ಹಿಡಿದ ಸಿಲವಾರದ ಬೋಗುಣಿ,
ಹಿಮದ ಮೇಲೆ ಹಬೆ, ಚಿಕ್ಕಮ್ಮನ ಕೂಗು:
ಕಲಕು ಮಗಾ, ನಿಲ್ಲಿಸಬೇಡ, ಹೆಪ್ಪುಗಟ್ಟೀತು.

ಅವಳು ಎಲ್ಲ ತಿನ್ನುತ್ತಾಳೆ, ರಕ್ತದ ಸಾಸೇಜೊಂದನ್ನು ಬಿಟ್ಟು.
ತಟ್ಟೆಯಲ್ಲಿ ಅದು ಬಂದರೆ
ಚಮಚ ಎತ್ತಿಕೊಂಡು, ಖಾಲಿ ಲೋಟವಾದರೂ ಸರಿ,
ಕಲಕುತ್ತಾಳೆ.