ಪುರುಸೊತ್ತು

ಕಾರವಾರದ ಆಸ್ಪತ್ರೆ, ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ.
ಮಾಣಕು ದುರ್ಗೇಕರ, ವಯಸ್ಸು ಅರವತ್ತೆರಡು,
ಬಲಗೈ ಬಲಗಾಲು ಸ್ವಾಧೀನವಿಲ್ಲ,
ಮಾತಿಲ್ಲ.
ಹೇಳಿದ್ದೆಲ್ಲ ತಿಳಿಯುತ್ತದೆ; ಬಾಯಿಗೆ ಬರುವುದು ಮಾತ್ರ
‘ತ... ತ... ತ...’
ಹಗ್ಗ ಬಿಚ್ಚದೆ ಎಂಜಿನ್ ಹಾಕಿದ ದೋಣಿಯ ಹಾಗೆ.

ನಾನು ರಾಣೆಬೆನ್ನೂರಿನವಳು.
ಹೋದ ಮಾತು ಕರೆತರುವುದು ನನ್ನ ನೌಕರಿ,
ಮೀನಿನ ಹೆಸರು ಒಂದೂ ಗೊತ್ತಿಲ್ಲ.
ಚಿತ್ರದ ಕಾರ್ಡು ಹಿಡಿದೆ: ಸೇಬು, ಬಸ್ಸು, ಛತ್ರಿ.
ಛತ್ರಿ ನೋಡಿ ಎಡಗೈಯಿಂದ ಮಳೆ ಸುರಿಸಿದಳು,
ತಲೆಯ ಮೇಲೆ ಅಂಗೈ ಹಿಡಿದಳು,
ಅತ್ತಳು.
ಹೆಸರು ಅಳಿವೆಯ ಮರಳಿನಲ್ಲಿ ಸಿಕ್ಕಿಕೊಂಡಿತ್ತು.

ಗಂಡನ ಹೆಸರೇನು, ಕೇಳಿದೆ.
ಕಣ್ಣು ಕೆಳಗಿಳಿಸಿದಳು.
ಬರೆದುಕೊಂಡೆ: ಆಪ್ತರ ಹೆಸರು ಬರುವುದಿಲ್ಲ.
‘ಅವಸರವಿಲ್ಲ ಅಕ್ಕಾ, ಪುರುಸೊತ್ತಲ್ಲಿ ಹೇಳಿ’ ಅಂದದ್ದೇ
ಆಡುವ ಅರ್ಧ ಮುಖ ನಕ್ಕಿತು,
ಆಡದ ಅರ್ಧವೂ ಕೆಂಪಾಯಿತು.

ಆಚೆ ಮಂಚದ ಹೊನ್ನಿ ಗೌಡ,
ಅದೇ ಪೇಟೆಯಲ್ಲಿ ಬಸಳೆ ಮಾರುವವಳು,
ಕೊರಳ ಮಣಿಸರವೆಲ್ಲ ಕುಲುಕುವಂತೆ ನಕ್ಕು ಅಂದಳು:
‘ನೀವೇ ಹೇಳಿಬಿಟ್ರಲ್ಲ ಅಮ್ಮಾ!
ಅವಳ ಗಂಡ ಪುರ್ಸು.
ಮದುವೆಯಾಗಿ ನಲವತ್ತೊಂದು ವರ್ಷ,
ಒಂದಿನಾನೂ ಪುರುಸೊತ್ತಿಲ್ಲ ಅಂದವಳಲ್ಲ,
ಟೈಮಿಲ್ಲ ಅಂತಾಳೆ.’

ನಮ್ಮ ಕಡೆಯೂ ಹೀಗೇ.
ಅವ್ವ ಅಪ್ಪನ ಹೆಸರು ಹೇಳಿದ್ದು ಒಡಪಿನಲ್ಲಿ ಮಾತ್ರ,
ಪ್ರಾಸದ ಬಾಲಕ್ಕೆ ಕಟ್ಟಿ,
ಬಾಗಿಲಿಗೆ ಅಡ್ಡ ನಿಂತ ನಾದಿನಿಯರಿಗೆ.
ಬರಿಮಾತಲ್ಲಿ ಬಾರದ್ದು ಹೊಸ್ತಿಲು ದಾಟುವುದು ಹೀಗೆ.
ನನ್ನ ಪುಸ್ತಕವೂ ಅದನ್ನೇ ಸುತ್ತಿ ಬಳಸಿ ಹೇಳುತ್ತದೆ:
ಎಡಮಿದುಳಲ್ಲಿ ರಸ್ತೆ ಕುಸಿದರೆ
ಬಲದಲ್ಲಿ ರಾಗಕ್ಕೊಂದು ಕಾಲುದಾರಿ ಉಳಿದಿರಬಹುದು.
ರೋಗಿಯ ಎಡಗೈ ಹಿಡಿ,
ಉಚ್ಚಾರಕ್ಕೊಂದು ತಟ್ಟು,
ಮೊದಲು ಗುನುಗು, ಆಮೇಲೆ ಮಾತು.

ನಾನು ಶಾಲೆಯಲ್ಲಿ ಕಲಿತ ಸರಳೆ ಗುನುಗಿದೆ.
ಮಾಣಕು ಕಿಟಕಿಯಾಚೆ ನೋಡಿದಳು.
‘ಅದಲ್ಲ,’ ಅಂದಳು ಹೊನ್ನಿ, ‘ಅವಳದ್ದೇ ಇದೆಯಲ್ಲ, ಕೂಗು.’
ಕೂಗಿಯೇ ತೋರಿಸಿದಳು:
ತಾಽರ್ಲೇ... ನೂರಕ್ಕೆ ಇಪ್ಪಽತ್ತು...
ಕೊನೆಗೆ ಏರಿ, ಅಲ್ಲೇ ತಿರುಗಿ, ಇಳಿಯದೆ ನಿಲ್ಲುವ ಕೂಗು;
ಚೀಲ ಹಿಡಿದವರ ಕಾಲು ತಾನೇ ನಿಲ್ಲಬೇಕು.
ಎಡಗೈ ತಟ್ಟಿದೆ. ಒಂದು ಸಲ. ಎರಡು ಸಲ.
ಮೂರನೆಯ ಸಲ
‘ತ... ತ...’
ಹಗ್ಗ ಬಿಚ್ಚಿತು:
ತಾಽರ್ಲೇ.

ಆಮೇಲೆ ಬಂಗಡೆ, ಶೆಟ್ಲಿ, ನೋಗಲಿ;
ಯಾರು ಯಾರಿಗೆ ಕಲಿಸಿದ್ದೋ.
ಎಂಟನೆಯ ದಿನ ಅದೇ ಏರಿನಲ್ಲಿ ‘ನೀರು’,
ಹತ್ತನೆಯ ದಿನ ‘ಸಾಕು’.
ಈಗ ವಾರ್ಡಿನಲ್ಲಿ ಎಲ್ಲರೂ ನೀರು ಕೇಳುವುದು
ತಾರ್ಲೆಯ ರಾಗದಲ್ಲಿ.
ಸಿಸ್ಟರ್ ಎಸ್ಪೆರಾ ಬೈಯುವುದೂ.

ಇಪ್ಪತ್ತೊಂದನೆಯ ಸಂಜೆ.
ಬೈತಖೋಲದಿಂದ ಬಂದ ಮುದುಕ ಚಪ್ಪಲಿ ಕಳಚಿಟ್ಟು
ಗಂಜಿಯ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ.
ಅವಳೇ ನನ್ನ ಕೈ ಎಳೆದುಕೊಂಡು,
ಅವಳೇ ತಟ್ಟುತ್ತ,
ಪುಽರ್ಸೋ... ನೂರಕ್ಕೆ ಒಂಽದು...

ವಾರ್ಡಿಗೆ ವಾರ್ಡೇ ನಕ್ಕಿತು.
ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡರು.
ಅವನು ನಿಂತೇ ಇದ್ದ, ತನ್ನ ಹೆಸರು
ಈ ದನಿಯಲ್ಲಿ ಹೀಗಿರುತ್ತದೆಂದು ಗೊತ್ತಿಲ್ಲದವನ ಹಾಗೆ.
ಬಹಳ ಹೊತ್ತಿನ ಮೇಲೆ
‘ನೂರು ಜಾಸ್ತಿಯಾಯ್ತು’ ಅಂದ,
ಕ್ಯಾರಿಯರ್ ಕೆಳಗಿಡುವುದು ಮರೆತು.

ಮನೆಗೆ ಹೊರಡುವ ದಿನ ಕೊನೆಯ ಪರೀಕ್ಷೆ,
ರಾಗವಿಲ್ಲದೆ, ತಟ್ಟದೆ.
‘ಸೇ... ಬು.’
ಬಸ್ಸು ಬಂತು. ಛತ್ರಿ ಬರಲಿಲ್ಲ.
ಗಂಡನ ಹೆಸರು?
ಕಣ್ಣು ಕೆಳಗೆ. ತಲೆಯಾಡಿಸಿದಳು.
ಮಿದುಳಿನ ಗಾಯವೋ, ರೂಢಿಯೋ,
ನಾನು ಕೇಳಲಿಲ್ಲ.

ಹೊರಗೆ ರಿಕ್ಷಾದವನ ಹಾರ್ನು.
‘ಮುಂದಿನ ವಾರ ಬನ್ನಿ ಅಕ್ಕಾ,’ ಅಂದೆ,
‘ಟೈಮಿದ್ದಾಗ.’