ಶೇಷ ಮೂರು

ದಾನದ ಎತ್ತಿನ ಹಲ್ಲು ಎಣಿಸಬಾರದಂತೆ.
ಎಣಿಸುವುದೇ ನನ್ನ ನೌಕರಿ.
ಬೂಝಿ ನದಿಯ ದಡದಲ್ಲಿ, ನೀರು ಬಂದು
ಗೋಡೆಗೆ ಕಂದು ಗೆರೆ ಎಳೆದು ಹೋದ ಗೋದಾಮಿನೊಳಗೆ
(ನನ್ನ ನೆತ್ತಿಗಿಂತ ಒಂದು ಗೇಣು ಮೇಲಿದೆ ಆ ಗೆರೆ)
ನಾನು, ಇಲ್ದಾ ಮುಯಾಂಬೊ, ಉಗ್ರಾಣದ ಗುಮಾಸ್ತೆ,
ಕಿವಿಗೆ ಪೆನ್ನು ಸಿಕ್ಕಿಸಿ ಕೂತಿದ್ದೇನೆ.

ಬೇಯ್ರಾ ಬಂದರಿನಿಂದ ದೋಣಿ ಬಂತು.
ನೀಲಿ ಚೀಲ: ಇನ್ನೂರ ಹನ್ನೆರಡು.
ಒಂದೊಂದರಲ್ಲೂ ನೋಟುಬುಕ್ಕು ನಾಲ್ಕು,
ಪೆನ್ಸಿಲು ಎರಡು, ರಬ್ಬರು ಒಂದು,
ಮತ್ತೆ, ಯಾವ ಪುಣ್ಯಾತ್ಮರ ತಲೆಗೆ ಹೊಳೆಯಿತೋ,
ಉಣ್ಣೆಯ ಕೈಗವಸು ಒಂದು ಜೊತೆ.
ಬಾಯಿಂದ ಉಸಿರು ಹೊಗೆಯಾಗಿ ಬರುವ ಚಳಿಯನ್ನು
ಇಲ್ಲಿ ನನ್ನಜ್ಜಿಯೂ ಕಂಡವಳಲ್ಲ.
ನಗಬೇಡಿ. ಗೇರುಬೀಜ ಹುರಿಯುವ ಹೆಂಗಸರು
ಮಾರನೇ ದಿನವೇ ಅದನ್ನು ತೊಟ್ಟು
ಕಾದ ಬಾಣಲೆ ಇಳಿಸತೊಡಗಿದರು.

ಶಾಲೆಗೆ ಮಾಡಿಲ್ಲ.
ಮಾಡಿನ ತಗಡು ಹರದಾರಿ ಆಚೆ ಜೋಳದ ಹೊಲದಲ್ಲಿ
ಯಾರೋ ಓದಿ ಮಡಿಸಿಟ್ಟ ಕಾಗದದ ಹಾಗೆ ಬಿದ್ದಿದೆ.
ಅರ್ಧ ಕೊಂಬೆ ಉಳಿದ ಮಾವಿನ ಮರದ ಕೆಳಗೆ
ಜೆಫೆರೀನು ಮೇಷ್ಟ್ರು ಸಾಲು ನಿಲ್ಲಿಸಿ
ಜನವರಿಯ ಹಾಜರಿ ಪುಸ್ತಕ ಬಿಡಿಸಿದರು.
ನೀರು ಕುಡಿದು ಉಬ್ಬಿದ ಪುಸ್ತಕ.
ಹೆಸರು. ಚೀಲ. ಎದೆಗೊತ್ತಿ ಹಿಡಿ. ಈ ಕಡೆ ನೋಡು.
ಫೋಟೊ ಹಿಡಿಯುವ ಹುಡುಗ ಕೂಗುತ್ತಿದ್ದ:
"ಹಲ್ಲು! ಹಲ್ಲು ಕಾಣಬೇಕು!"
ಕಂಡವು. ಹಾಲುಹಲ್ಲು, ಮುರಿದ ಹಲ್ಲು, ಹೊಸದಾಗಿ ಇಣುಕುವ ಹಲ್ಲು,
ಎಲ್ಲವೂ ದೋಣಿ ಹತ್ತಿ ಕಡಲು ದಾಟಿದವು.

ಸಂಜೆಗೆ ಲೆಕ್ಕ.
ಕೊಟ್ಟದ್ದು ಇನ್ನೂರ ಒಂಬತ್ತು, ಶೇಷ ಮೂರು.
ಕಾರಣ ಬರೆಯಲು ಪಟ್ಟಿಯಲ್ಲೊಂದು ಅಂಕಣವಿದೆ,
ಎರಡು ಬೆರಳು ಅಗಲ.
"ಗೈರುಹಾಜರಿ ಅಂತ ಬರಿಯಮ್ಮಾ" ಅಂದರು ಮೇಷ್ಟ್ರು
ಹೊಳೆಗೆ ಬೆನ್ನು ಹಾಕಿ.
ಆ ಮೂರು ಹೆಸರನ್ನೂ ಅವರು ಕೂಗಿದ್ದರು.
ಒಂದು ಸಲವಲ್ಲ, ಎರಡೆರಡು ಸಲ.
ಎರಡನೇ ಸಲ ಸಾಲಿನ ಮಕ್ಕಳು, ಯಾರೂ ಹೇಳಿಕೊಡದೆ,
ಒಂದು ಆಳಿನಷ್ಟು ಜಾಗ ಬಿಟ್ಟು ನಿಂತಿದ್ದವು.

ಕೃತಜ್ಞತೆಯ ಪತ್ರ ಹತ್ತು ಬೇಕು ಅಂದಿತ್ತು ಕಚೇರಿ.
ಒಂಬತ್ತು ಒಂದೇ ಅಚ್ಚಿನವು.
ಹತ್ತನೆಯದು ದೆಲ್ಫೀನಾ ಸಿಮಾಂಗೊ, ಐದನೇ ತರಗತಿ,
ಅರ್ಧ ಪೋರ್ಚುಗೀಸು, ಅರ್ಧ ಮನೆಮಾತು:

"ಪೆನ್ಸಿಲು ಚೆನ್ನಾಗಿದೆ. ಮೆಂಡರ್ ಇಡಲು ಮರೆತಿದ್ದೀರಿ.
ಚಿನ್ನದ ಬಣ್ಣದಲ್ಲಿ ಬರೆದಿರುವುದು ನಿಮ್ಮ ಹೆಸರೋ
ಪೆನ್ಸಿಲಿನ ಹೆಸರೋ?
ನಿಮ್ಮೂರ ನದಿಯ ಹೆಸರೇನು?
ಅದು ಯಾವತ್ತಾದರೂ ಮನೆಯೊಳಗೆ ಬಂದಿದೆಯಾ?
ಬಂದರೆ ಮೊದಲು ನಾಯಿಯ ಹಗ್ಗ ಬಿಚ್ಚಿ.
ನಾವು ಮರೆತೆವು."

ಕಚೇರಿ ಹಿಂದಕ್ಕೆ ಕಳಿಸಿತು: ಧನ್ಯವಾದ ಎಲ್ಲಿ?
ನಾಯಿಯ ಸಾಲಿನಲ್ಲಿದೆ, ಇನ್ನೊಮ್ಮೆ ಓದಿ
ಎಂದು ಬರೆಯಲು ಕೈ ತುರಿಸಿತು. ಬರೆಯಲಿಲ್ಲ.
ಆ ಸಾಲಿನಲ್ಲಿ ಚೀಲ ಪಡೆದು ನಕ್ಕವರಲ್ಲಿ
ನನ್ನವರೂ ಇಬ್ಬರಿದ್ದರು.
ಅವಳ ಸೊಟ್ಟ ಅಕ್ಷರವನ್ನೇ ಅನುಕರಿಸಿ
ಮೇಲೊಂದು ಸಾಲು ನಾನೇ ಸೇರಿಸಿದೆ:
"ತುಂಬ ಉಪಕಾರವಾಯಿತು."
ಅದೇನೂ ಸುಳ್ಳಲ್ಲ.

ಮೂರು ಚೀಲ ಇನ್ನೂ ಅಟ್ಟದ ಮೇಲಿವೆ,
ಗೋಡೆಯ ಗೆರೆಗಿಂತ ಎತ್ತರದಲ್ಲಿ.
ಹಂಚಿಬಿಡು ಅನ್ನುತ್ತಾರೆ. ಇಲಿ ಹೊಕ್ಕೀತು ಅನ್ನುತ್ತಾರೆ.
ತಿಂಗಳ ಕೊನೆಗೆ ಇಳಿಸುತ್ತೇನೆ, ಧೂಳು ಕೊಡವುತ್ತೇನೆ,
ಮತ್ತೆ ಏರಿಸುತ್ತೇನೆ.

ಮೆಟ್ಟಿಲ ಮೇಲೆ ದೆಲ್ಫೀನಾ
ಅಪ್ಪನ ಮಚ್ಚಿನಲ್ಲಿ ಪೆನ್ಸಿಲು ಹೆರೆಯುತ್ತಿದ್ದಾಳೆ.
ದಾನಿಯ ಹೆಸರು ಅಕ್ಷರ ಅಕ್ಷರವಾಗಿ
ಸುರುಳಿ ಬಿದ್ದು ಮಣ್ಣಿಗೆ ಉದುರುತ್ತಿದೆ.
ಕೋಳಿಮರಿಗಳು ಓಡಿಬಂದು, ಕುಕ್ಕಿ ನೋಡಿ,
ಕಾಳಲ್ಲವೆಂದು ತಿರುಗುತ್ತವೆ.

"ಮೆಂಡರ್ ಬಂತಾ?" ತಲೆ ಎತ್ತದೆ ಕೇಳುತ್ತಾಳೆ.
"ಗುರುವಾರ ದೋಣಿ ಇದೆ" ಅನ್ನುತ್ತೇನೆ.